ಊದುವುದಿಲ್ಲ ಅಂತ ಬರೆಯಬೇಡ ಮಗಳೇ

ಪ್ರೀತಿಯ ಕಾವ್ಯ,

ನೀನು ಕಳಿಸಿದ ಥೀಸಿಸ್ ಅಧ್ಯಾಯ ಓದಿದೆ. ಇಲ್ಲಿ ಮಡಿಕೇರಿಯಲ್ಲಿ ಮಳೆ ಹಿಡಿದುಬಿಟ್ಟಿದೆ, ತೋಟದ ಕಡೆ ಹೋಗುವ ಹಾಗೇ ಇಲ್ಲ, ಹಾಗಾಗಿ ನಿಧಾನವಾಗಿ ಓದೋಕಾಯ್ತು. ಚೆನ್ನಾಗಿದೆ. ಒಂದು ಸಾಲು ಮಾತ್ರ ತೆಗೆದುಬಿಡು: 'ಡಿ9 ಉಕ್ಕು ಊದುವುದಿಲ್ಲ.'

ಊದುತ್ತೆ. ರಿಯಾಕ್ಟರಿಗೆಂದೇ ಮಾಡಿದ ಸ್ಟೇನ್‌ಲೆಸ್ ಸ್ಟೀಲ್ ಆದರೂ ಊದುತ್ತೆ, ತಡವಾಗಿ, ಅಷ್ಟೇ.

ರಿಯಾಕ್ಟರಿನೊಳಗೆ ವೇಗದ ನ್ಯೂಟ್ರಾನ್ ಬಡಿದರೆ ಉಕ್ಕಿನ ಪರಮಾಣುಗಳು ಜಾಗ ಬಿಟ್ಟು ಚದುರುತ್ತವೆ. ಬಹುಪಾಲು ಆ ಕ್ಷಣದಲ್ಲೇ ಯಾವುದಾದರೂ ಖಾಲಿ ಜಾಗದಲ್ಲಿ ಬಂದು ಕೂರುತ್ತವೆ. ತುಂಬದೆ ಉಳಿದ ಖಾಲಿ ಜಾಗಗಳು ಒಂದುಗೂಡಿ ಪೊಳ್ಳಾಗುತ್ತವೆ, ಉಕ್ಕಿನಲ್ಲಿರುವ ನಿಕ್ಕಲ್‌ನಿಂದ ಹುಟ್ಟುವ ಹೀಲಿಯಂ ಅವಕ್ಕೆ ಆಸರೆ ಕೊಡುತ್ತೆ, ಉಕ್ಕು ಊದುತ್ತೆ. 1967ರಲ್ಲಿ ಕಾಥಾರ್ನ್ ಮತ್ತು ಫುಲ್ಟನ್, ಸ್ಕಾಟ್ಲೆಂಡಿನ ಡೌನ್‌ರೇ ರಿಯಾಕ್ಟರಿನ ಉಕ್ಕಿನಲ್ಲಿ ಈ ಪೊಳ್ಳುಗಳನ್ನು ತೋರಿಸಿದರಲ್ವಾ, ಅಲ್ಲಿಂದ ಇವತ್ತಿನವರೆಗೆ ನಾವೆಲ್ಲ ಮಾಡುತ್ತಾ ಬಂದಿರುವುದು ಆ ಊತವನ್ನು ಮುಂದೂಡುವ ಕೆಲಸ. ಟೈಟಾನಿಯಂ ಸೇರಿಸಿ, 20 ಶೇಕಡಾ ಕೋಲ್ಡ್ ವರ್ಕ್ (ಕಾಯಿಸದೆಯೇ ಎಳೆದು ಗಟ್ಟಿ ಮಾಡುವುದು) ಮಾಡಿದ್ದೂ ಅದಕ್ಕೇ. ಆ ತಡೆ ಸವೆದ ಮೇಲೆ ಡಿ9ನಂಥ ಆಸ್ಟೆನಿಟಿಕ್ ಉಕ್ಕು ಒಂದು ಡಿಪಿಎಗೆ (ಪ್ರತಿ ಪರಮಾಣು ಸರಾಸರಿ ಒಂದು ಸಲ ಜಾಗ ಬಿಟ್ಟಷ್ಟು ಹಾನಿಗೆ) ಸುಮಾರು 1 ಶೇಕಡಾ ಲೆಕ್ಕದಲ್ಲಿ ಊದುತ್ತಾ ಹೋಗುತ್ತೆ. ನೀನು ಅಳೆದಿರುವುದು ಅದಕ್ಕೆ ಮೊದಲಿನ ಹಂತ. ಎಷ್ಟು ಡಿಪಿಎವರೆಗೆ, ಯಾವ ಉಷ್ಣತೆಯಲ್ಲಿ ಊತ ಕಾಣಲಿಲ್ಲ ಅಂತ ಬರೆ.

ಇನ್ನೊಂದು. ನಿನ್ನದು ಅಯಾನ್ ಕಿರಣದ ಪ್ರಯೋಗ, ನ್ಯೂಟ್ರಾನ್ ಬದಲು ವಿದ್ಯುದಾವೇಶ ಇರುವ ಪರಮಾಣುಗಳಿಂದ ಬಡಿಯುವುದು. ರಿಯಾಕ್ಟರಿನಲ್ಲಿ ವರ್ಷಗಟ್ಟಲೆ ಆಗುವ ಹಾನಿಯನ್ನು ನೀನು ಗಂಟೆಗಳಲ್ಲಿ ಮಾಡುತ್ತೀಯ, ಅದೂ ಮೇಲ್ಮೈಯಿಂದ ಒಂದೆರಡು ಮೈಕ್ರಾನ್ ಆಳದಲ್ಲಿ. ಅಷ್ಟು ಜೋರಾಗಿ ಬಡಿದರೆ ಊತ ಜಾಸ್ತಿ ಕಾಣುವ ಉಷ್ಣತೆ ಮೇಲಕ್ಕೆ ಜರುಗುತ್ತೆ. ಹೀಲಿಯಂ ತಾನಾಗಿ ಹುಟ್ಟಲ್ಲ, ನೀನೇ ತುಂಬಬೇಕು. ನಿನ್ನ ಅಂಕಿಯನ್ನು ಸುಮ್ನೆ ಎತ್ತಿ ರಿಯಾಕ್ಟರಿಗೆ ಹಚ್ಚಬೇಡ.

ಮೈಕ್ರೋಸ್ಕೋಪ್ ಮುಂದೆ ಅವಸರ ಬೇಡ. ಫೋಕಸ್ ಸ್ವಲ್ಪ ಆಚೀಚೆ ಮಾಡಿ ನೋಡು. ನಿಜವಾದ ಪೊಳ್ಳಾದರೆ ಫೋಕಸ್ ಒಂದು ಕಡೆ ಸರಿಸಿದಾಗ ಬೆಳ್ಳಗೆ, ಇನ್ನೊಂದು ಕಡೆ ಸರಿಸಿದಾಗ ಕಪ್ಪಗೆ ಆಗುತ್ತೆ, ಅಂಚು ಮೂಲೆಮೂಲೆಯಾಗಿ ಕಾಣುತ್ತೆ. ಸಣ್ಣವನ್ನೂ ಎಣಿಸು. ಫಾಯಿಲ್‌ನ, ಅಂದರೆ ನೋಡಲು ತೆಳ್ಳಗೆ ಮಾಡಿದ ಉಕ್ಕಿನ ಚೂರಿನ, ದಪ್ಪವನ್ನು ಅಂದಾಜಿನಲ್ಲಿ ಹಾಕಬೇಡ, ಅಳೆ. ಅಲ್ಲಿ ತಪ್ಪಿದರೆ ಊತದ ಲೆಕ್ಕ ಪೂರ್ತಿ ತಪ್ಪುತ್ತೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಕಲ್ಪಾಕ್ಕಂನ 500 ಮೆಗಾವ್ಯಾಟ್ ರಿಯಾಕ್ಟರಿನಲ್ಲಿ ಇಂಧನದ ಕೊಳವೆಗಳಿಗೂ ಅವುಗಳ ಕಟ್ಟಿನ ಸುತ್ತಲಿನ ಆರು ಮೂಲೆಯ ಕವಚಕ್ಕೂ ಆರಿಸಿದ್ದು ಇದೇ ಡಿ9. ಕವಚದ ಒಂದು ಮೈ ಇನ್ನೊಂದಕ್ಕಿಂತ ಜಾಸ್ತಿ ಊದಿದರೆ ಅದು ಬಾಗುತ್ತೆ, ಪಕ್ಕದ್ದಕ್ಕೆ ಒತ್ತಿಕೊಳ್ಳುತ್ತೆ, ಹೊರಗೆ ಎಳೆಯುವುದೇ ಕಷ್ಟವಾಗುತ್ತೆ. ಅಷ್ಟರಲ್ಲಿ ಉಕ್ಕು ಪೆಡಸೂ ಆಗಿರುತ್ತೆ. ಎಳೆಯುವವರು ನಿನ್ನಂಥವರ ಅಂಕಿ ನಂಬಿಕೊಂಡೇ ಕೆಲಸ ಮಾಡಬೇಕು.

ತಿದ್ದಿದ್ದನ್ನು ಗೈಡ್‌ಗೆ ಕೊಡುವ ಮೊದಲು ನನಗೊಂದು ಪ್ರತಿ ಕಳಿಸು. ಚಿತ್ರಗಳಲ್ಲಿ ಸ್ಕೇಲ್ ಇರಲಿ. ಹುತ್ತರಿಗೆ ರಜೆ ಸಿಕ್ಕಿದರೆ ಬಾ, ಕೂತು ಮಾತಾಡೋಣ.

ಇಂತಿ,
ನಿನ್ನ ದೊಡ್ಡಪ್ಪ