ಬೆಳೆಯಲಿಲ್ಲ ಅಂದಮಾತ್ರಕ್ಕೆ ಸತ್ತಿದೆ ಅಂತಲ್ಲ

ಚಿ. ಮಾನಸಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಊರಿನ ಸುದ್ದಿಯೆಲ್ಲ ನಿನ್ನಮ್ಮ ಹೇಳಿರುತ್ತಾಳೆ, ಅದು ಬಿಡು. "ಲ್ಯಾಬಿನಲ್ಲಿದ್ದ ಒಂದೇ ಕ್ಲಾಸ್ಟ್ರಿಡಿಯಂ ಸ್ಪೋರೋಜೀನ್ಸ್ ನನ್ನ ಕೈಯಲ್ಲೇ ಸತ್ತುಹೋಯಿತೇನೋ" ಅಂತ, ಗಾಳಿ ಆಗದ ಆ ಬ್ಯಾಕ್ಟೀರಿಯಾದ ಬಗ್ಗೆ ಬರೆದಿದ್ದೀಯಲ್ಲ, ಆ ಸಾಲು ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ.

ಸತ್ತಿದೆ ಅಂತ ಹೇಗೆ ಹೇಳುತ್ತೀ? ಆಕ್ಸಿಜನ್ ತೆಗೆದುಹಾಕುವ ಥಯೋಗ್ಲೈಕೊಲೇಟ್ ಮೀಡಿಯಾದ (ಬ್ಯಾಕ್ಟೀರಿಯಾ ಬೆಳೆಸುವ ದ್ರವದ) ಟ್ಯೂಬಿನಲ್ಲಿ ಬೆಳೆಯಲಿಲ್ಲ, ಅಷ್ಟೇ ತಾನೆ. ಮೊದಲು ಟ್ಯೂಬನ್ನು ಬೆಳಕಿಗೆ ಹಿಡಿ. ಆಕ್ಸಿಜನ್ ಇದ್ದಲ್ಲೆಲ್ಲ ಅದರಲ್ಲಿರುವ ರೆಸಾಜುರಿನ್ ಎಂಬ ಬಣ್ಣ ಗುಲಾಬಿಯಾಗುತ್ತದೆ. ಮೇಲೆ ತೆಳ್ಳಗೆ ಉಂಗುರದಂತಿದ್ದರೆ ಸರಿ. ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿದಿದ್ದರೆ ಮೀಡಿಯಾ ಕೆಟ್ಟಿದೆ, ಅದರಲ್ಲಿ ಬದುಕಿರುವುದೂ ಬೆಳೆಯದಿರಬಹುದು. ಇನ್ನೂ ಬ್ಯಾಕ್ಟೀರಿಯಾ ಹಾಕದ ಟ್ಯೂಬುಗಳು ಹಾಗಾಗಿದ್ದರೆ ಮುಚ್ಚಳ ಸಡಿಲಿಸಿ, ಕುದಿಯುವ ನೀರಿನಲ್ಲಿ ಗುಲಾಬಿ ಹೋಗುವವರೆಗೆ ಇಟ್ಟು, ಅಲುಗಿಸದೆ ತಣಿಸು. ಒಂದೇ ಸಲ. ಮತ್ತೆ ಮತ್ತೆ ಕಾಯಿಸಿದ ಮೀಡಿಯಾ ಬ್ಯಾಕ್ಟೀರಿಯಾಕ್ಕೆ ವಿಷ. ಟ್ಯೂಬುಗಳನ್ನು ಫ್ರಿಜ್ಜಿನಲ್ಲಿ ಇಟ್ಟಿದ್ದೆಯಾ? ತಣ್ಣಗಾದಷ್ಟೂ ಆಕ್ಸಿಜನ್ ಹೆಚ್ಚು ಹೀರಿಕೊಳ್ಳುತ್ತದೆ. ಕೋಣೆಯ ಕತ್ತಲಲ್ಲೇ ಇರಲಿ.

ಬ್ಯಾಕ್ಟೀರಿಯಾ ಹಾಕುವಾಗ ಪಿಪೆಟ್ಟಿನ ತುದಿ ತಳದ ಹತ್ತಿರ ಹೋಗಬೇಕು, ಗುಳ್ಳೆ ಬಿಡಬಾರದು. ಮೀಡಿಯಾದಲ್ಲಿ ಲೀಟರಿಗೆ 0.75 ಗ್ರಾಂ ಅಗರ್ (ದ್ರವವನ್ನು ಮಂದ ಮಾಡುವ ವಸ್ತು) ಇರುವುದೇ ಗಾಳಿ ಕೆಳಗಿಳಿಯುವುದನ್ನು ತಡೆಯಲು. ಕುಲುಕಿದರೆ ಮುಗಿಯಿತು. ಮೀಡಿಯಾ ಸರಿಯಿದೆಯೇ ಎಂದು ಹೋಲಿಸಲು ಪಕ್ಕದಲ್ಲಿ ಗಾಳಿ ಬೇಕೇ ಬೇಕಾದ ಮೈಕ್ರೊಕಾಕಸ್ ಲೂಟಿಯಸ್, ಗಾಳಿ ಇದ್ದರೂ ಇಲ್ಲದಿದ್ದರೂ ಬೆಳೆಯುವ ಇ. ಕೊಲೈ ಎರಡು ಬ್ಯಾಕ್ಟೀರಿಯಾವನ್ನೂ ಬೇರೆ ಬೇರೆ ಟ್ಯೂಬಿನಲ್ಲಿ ಇಡು: ಮೊದಲನೆಯದು ಮೇಲ್ತುದಿಯಲ್ಲೇ ನಿಲ್ಲಬೇಕು, ಎರಡನೆಯದು ಉದ್ದಕ್ಕೂ ಹರಡಿ ಮೇಲೆ ದಟ್ಟವಾಗಬೇಕು. 37 ಡಿಗ್ರಿಯಲ್ಲಿ 48 ಗಂಟೆ ಕಾಯಿ.

ಮತ್ತೆ ಆ ಭಯದ ಮಾತಿಗೇ ಬರುತ್ತೇನೆ. ಗಾಳಿ ತಾಗಿದರೆ ಕ್ಲಾಸ್ಟ್ರಿಡಿಯಂನ ಬೆಳೆಯುತ್ತಿರುವ ಜೀವಕೋಶಗಳು ಸಾಯುತ್ತವೆ, ಗಟ್ಟಿ ಹೊದಿಕೆಯೊಳಗೆ ನಿದ್ರಿಸುವ ಬೀಜಕಗಳು ಸಾಯುವುದಿಲ್ಲ. ಹಳೆಯ ಟ್ಯೂಬನ್ನು ಎಸೆದಿಲ್ಲ ತಾನೆ? ಅದರಿಂದ ಸ್ವಲ್ಪ ತೆಗೆದು 80 ಡಿಗ್ರಿಯ ನೀರಿನಲ್ಲಿ 10 ನಿಮಿಷ ಇಟ್ಟು ಹೊಸ ಟ್ಯೂಬಿಗೆ ಹಾಕು. ಬೀಜಕಗಳು ಆ ಶಾಖಕ್ಕೆ ಎಚ್ಚರಗೊಳ್ಳುತ್ತವೆ.

ಒಂದನ್ನೇ ನಂಬಿ ಕೂತು ಕಳೆದುಕೊಂಡ ಕೊರಗು ನನಗೂ ಇದೆ, ಅದಕ್ಕೇ ಹೇಳುತ್ತೇನೆ, ಬೇಸರಿಸಬೇಡ. ಇ. ಕೊಲೈನಂಥವನ್ನು ರಾತ್ರಿ ಬೆಳೆಸಿದ ಕಲ್ಚರ್ ಅರ್ಧ ಎಂಎಲ್, ಆಟೊಕ್ಲೇವ್ ಮಾಡಿದ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಂದ) 50% ಗ್ಲಿಸರಾಲ್ ಅರ್ಧ ಎಂಎಲ್ ಬೆರೆಸಿ ಮೈನಸ್ 80 ಡಿಗ್ರಿಯಲ್ಲಿ ಮೂರು ವೈಯಲ್ (ಪುಟ್ಟ ಶೀಶೆ) ಇಡು. ಬೇಕಾದಾಗ ಕರಗಿಸದೆ ಮೇಲಿಂದ ಕೆರೆದುಕೋ. ತಾನಾಗಿ ಹಿಮ ಕರಗಿಸುವ ಫ್ರೀಜರ್ ಬೇಡವೇ ಬೇಡ, ಮತ್ತೆ ಮತ್ತೆ ಕರಗಿ ಗಟ್ಟಿಯಾಗಿ ಕ್ರಮೇಣ ಸಾಯುತ್ತವೆ.

ಗುಲಾಬಿ ಎಷ್ಟು ಕೆಳಗಿಳಿದಿತ್ತು, ಸ್ಕೇಲಿನಿಂದ ಅಳೆದು ಬರೆ. ಕಾಯುತ್ತಿರುತ್ತೇನೆ.

ನಿನ್ನ ದೊಡ್ಡಮ್ಮ