ಸ್ಕ್ರಿಪ್ಟ್ ಇನ್ನು ವರ್ಷಕ್ಕೆ ಎರಡೇ ಸಲ: ನಮ್ಮ ಗ್ರಾಹಕರಿಗೆ ಪತ್ರ

ನಮಸ್ಕಾರ,

ಮೊದಲು ವಿಷಯ ಹೇಳಿಬಿಡುತ್ತೇವೆ. ಬರುವ ಏಪ್ರಿಲ್‌ನಿಂದ ನಮ್ಮ ಬಿಲ್ಡ್ ಸ್ಕ್ರಿಪ್ಟ್‌ಗಳು, ಅಂದರೆ ಲಿನಕ್ಸನ್ನು ಮೂಲ ಕೋಡಿನಿಂದ ತಾವಾಗಿಯೇ ಕಟ್ಟುವ ಕಮಾಂಡ್ ಫೈಲ್‌ಗಳು, ತಿಂಗಳಿಗೊಮ್ಮೆ ಬರುವುದಿಲ್ಲ. ಲಿನಕ್ಸನ್ನು ಮೊದಲಿನಿಂದ ಕೈಯಾರೆ ಕಟ್ಟುವುದನ್ನು ಹೇಳಿಕೊಡುವ ಲಿನಕ್ಸ್ ಫ್ರಮ್ ಸ್ಕ್ರ್ಯಾಚ್ ಪುಸ್ತಕದ ಹೊಸ ಆವೃತ್ತಿ ಮಾರ್ಚ್‌ಗೆ ಒಂದು, ಸೆಪ್ಟೆಂಬರ್‌ಗೆ ಒಂದು ಬರುತ್ತದಲ್ಲ, ಅದರ ಬೆನ್ನಿಗೇ ನಮ್ಮದೂ ಬರುತ್ತದೆ. ಭದ್ರತೆಯ ಪ್ಯಾಚ್‌ಗಳಿಗೆ ಈ ಕಾಯುವಿಕೆ ಇಲ್ಲ. ವಾರ್ಷಿಕ ಶುಲ್ಕ 6,000 ರೂಪಾಯಿ ಇದ್ದದ್ದು 7,500 ಆಗುತ್ತದೆ.

ಕಡಿಮೆ ಕೊಟ್ಟು ಜಾಸ್ತಿ ಕೇಳ್ತಾರೆ ಅಂತ ಅನಿಸುವುದು ಸಹಜ. ಅದಕ್ಕೇ ಈ ಪತ್ರ.

ಕಳೆದ ಜುಲೈನಲ್ಲಿ ನಿಮ್ಮಲ್ಲಿ ಕೆಲವರ ಇಡೀ ರಾತ್ರಿ ಹಾಳಾಯಿತು. ತಪ್ಪು ನಮ್ಮದೇ, ಕ್ಷಮಿಸಿ. ಲಾಗ್ (ನಡೆದದ್ದರ ದಾಖಲೆ) ಬರೆಸಲು, ಪ್ಯಾಕೇಜ್ ಕಟ್ಟುವ ಮೇಕ್ ಕಮಾಂಡಿನ ಔಟ್‌ಪುಟ್ಟನ್ನು, ಅದನ್ನು ಫೈಲಿಗೂ ಬರೆಯುವ ಟೀ (tee) ಕಮಾಂಡಿಗೆ ಪೈಪ್ ಮಾಡಿದ್ದೆವು, ಅಂದರೆ ನೇರ ಹರಿಸಿದ್ದೆವು. ಹಾಗೆ ಮಾಡಿದರೆ ಕಮಾಂಡ್‌ಗಳನ್ನು ಓಡಿಸುವ ಶೆಲ್ ಪೈಪಿನ ಕೊನೆಯ ಕಮಾಂಡ್ ಏನಾಯಿತು ಅಂತ ಮಾತ್ರ ನೋಡುತ್ತದೆ. ಮೇಕ್ ಮುಗ್ಗರಿಸಿದರೂ ಟೀ ನೆಟ್ಟಗೆ ಮುಗಿಯುತ್ತದೆ. ಎಲ್ಲ ಸರಿಯಿದೆ ಅಂದುಕೊಂಡು ಸ್ಕ್ರಿಪ್ಟ್ ಮುಂದೆ ಓಡಿತು. ಮೂರು ಗಂಟೆ ಆದ ಮೇಲೆ ಸಂಬಂಧವೇ ಇಲ್ಲದ ಇನ್ನೊಂದು ಪ್ಯಾಕೇಜಿನಲ್ಲಿ ಬಿತ್ತು. ಪೈಪಿನಲ್ಲಿ ಯಾವ ಕಮಾಂಡ್ ಬಿದ್ದರೂ ಸೋಲು ಅಂತ ಎಣಿಸುವ ಪೈಪ್‌ಫೇಲ್ ಅಂತ ಒಂದು ಸಾಲು ಹಾಕಿದ್ದರೆ ಸಾಕಿತ್ತು. ಈಗ ಹಾಕಿದ್ದೇವೆ. ಇಷ್ಟು ವರ್ಷ ಹಾಕದೇ ಇದ್ದದ್ದಕ್ಕೆ ನಾಚಿಕೆಯೂ ಆಗಿದೆ.

ಆದರೆ ಪದೇ ಪದೇ ಕೇಳುವ ಇನ್ನೊಂದು ಮಾತು ಒಪ್ಪಲಾಗದು. "ಕಮಾಂಡೆಲ್ಲ ಪುಸ್ತಕದಲ್ಲಿ ಪುಕ್ಕಟೆ ಇವೆ. ನೀವು ಸುಮ್ನೆ ಕಾಪಿ ಮಾಡಿ ಫೈಲಿಗೆ ಹಾಕ್ತೀರಿ, ಅದಕ್ಯಾಕೆ ದುಡ್ಡು?"

ಕಾಪಿ ಮಾಡುವುದಕ್ಕೆ ನಾವೂ ಬೇಡ. ಪುಸ್ತಕದ ಮೂಲ ಫೈಲ್‌ಗಳಿಂದ (ಎಕ್ಸ್‌ಎಂಎಲ್) ಕಮಾಂಡ್‌ಗಳನ್ನು ಹೆಕ್ಕಿ, ಮೇಕ್‌ಗೆ ಬೇಕಾದ ಮೇಕ್‌ಫೈಲ್ ಮಾಡಿಕೊಡುವ ಜೆಹಾಲ್ಫ್ಸ್ ಅನ್ನುವ ಸಾಧನ ಇದೆ, ಅದೂ ಪುಕ್ಕಟೆ. ನಾವೂ ಅದನ್ನೇ ಬಳಸುತ್ತೇವೆ, ಮುಚ್ಚಿಟ್ಟಿಲ್ಲ. ನಿನ್ನೆ ಓಡಿದ ಸ್ಕ್ರಿಪ್ಟ್ ಇವತ್ತೂ ಓಡಬೇಕಲ್ಲ, ದುಡ್ಡು ಅದಕ್ಕೆ. ಡೇಟಾ ಕುಗ್ಗಿಸುವ ಝೆಡ್‌ಲಿಬ್ ಲೈಬ್ರರಿ ನೋಡಿ. ಹೊಸ ಆವೃತ್ತಿ ಬಂದ ಕೂಡಲೇ ಅವರ ತಾಣದಲ್ಲಿ ಹಳೆಯ ಟಾರ್‌ಬಾಲ್ (ಮೂಲ ಕೋಡಿನ ಕಟ್ಟು) ಬೇರೆ ಫೋಲ್ಡರಿಗೆ ಹೋಗುತ್ತದೆ. ನಮ್ಮ ಸ್ಕ್ರಿಪ್ಟಿನಲ್ಲಿ ಒಂದಕ್ಷರ ಬದಲಾಗಿರುವುದಿಲ್ಲ, ಆದರೂ ಡೌನ್‌ಲೋಡ್ 404, ಅಂದರೆ ಫೈಲ್ ಸಿಗಲಿಲ್ಲ. ಬೈಗುಳ ನಮಗೆ.

2025ರ ಏಪ್ರಿಲ್‌ನಲ್ಲಿ ಜಿಸಿಸಿ ಕಂಪೈಲರಿನ (ಕೋಡನ್ನು ಓಡುವ ಪ್ರೋಗ್ರಾಮ್ ಮಾಡುವ ಸಾಧನ) 15ನೇ ಆವೃತ್ತಿ ಬಂತು. ತಿಂಗಳ ಲೆಕ್ಕ ತಪ್ಪಬಾರದು ಅಂತ ಪುಸ್ತಕಕ್ಕಿಂತ ಮೊದಲೇ ಹಾಕಿದೆವು. ದೊಡ್ಡ ಸಂಖ್ಯೆಗಳ ಲೆಕ್ಕದ ಲೈಬ್ರರಿ ಜಿಎಂಪಿ 6.3.0ರ ಕಾನ್ಫಿಗರ್ (ಕಟ್ಟುವ ಮೊದಲು ಯಂತ್ರವನ್ನು ಪರೀಕ್ಷಿಸುವ ಸ್ಕ್ರಿಪ್ಟ್) "ಕೆಲಸ ಮಾಡುವ ಕಂಪೈಲರ್ ಸಿಗಲಿಲ್ಲ" ಅಂತ ಕೈಚೆಲ್ಲಿತು. ಕಂಪೈಲರ್ ಕಣ್ಣೆದುರೇ ಇದೆ! ಎರಡು ದಿನ ನಮ್ಮ ಜಿಸಿಸಿಯನ್ನೇ ಮತ್ತೆ ಮತ್ತೆ ಕಟ್ಟಿದೆವು. ಕೊನೆಗೆ ಕಾನ್ಫಿಗ್ ಲಾಗ್ ಸಾಲು ಸಾಲಾಗಿ ಓದಿದಾಗ ಗೊತ್ತಾಯಿತು. ಕಾನ್ಫಿಗರ್ ಒಳಗಿನ ಪುಟ್ಟ ಪರೀಕ್ಷಾ ಪ್ರೋಗ್ರಾಮಿನಲ್ಲಿ ಒಂದು ಫಂಕ್ಷನ್ನಿಗೆ ಖಾಲಿ ಬ್ರಾಕೆಟ್ ಇತ್ತು. ಹಳೆಯ ಸಿ ಭಾಷೆಯಲ್ಲಿ ಅದಕ್ಕೆ ಏನು ಬೇಕಾದರೂ ಕಳಿಸಬಹುದಿತ್ತು. ಜಿಸಿಸಿ 15 ತಾನಾಗಿಯೇ ಹಿಡಿಯುವ ಹೊಸ ಸಿ ನಿಯಮ ಸಿ23ರಲ್ಲಿ ಖಾಲಿ ಅಂದರೆ ಖಾಲಿ, ಏನನ್ನೂ ಕಳಿಸುವಂತಿಲ್ಲ. ಒಳಗೆ ಮೂರು ಚುಕ್ಕೆ ಇಟ್ಟೆವು, ಮುಗಿಯಿತು. ಆಮೇಲೆ ಪುಸ್ತಕದಲ್ಲೂ ಅದೇ ಜಾಗಕ್ಕೆ ಒಂದು ಸಾಲಿನ ಸೆಡ್ (ಫೈಲಿನ ಪಠ್ಯ ತಿದ್ದುವ ಕಮಾಂಡ್) ಬಂತು. ಕಾದಿದ್ದರೆ ಆ ಎರಡು ದಿನ ಉಳಿಯುತ್ತಿದ್ದವು ಅಲ್ವಾ?

2024ರ ಮಾರ್ಚ್‌ನಲ್ಲಿ ಫೈಲ್ ಕುಗ್ಗಿಸುವ ಎಕ್ಸ್‌ಝೆಡ್ 5.6.0 ಮತ್ತು 5.6.1ರ ಟಾರ್‌ಬಾಲ್‌ಗಳಲ್ಲಿ ಹಿಂಬಾಗಿಲು ಅಡಗಿಸಿದ್ದು ಬಯಲಾಯಿತು. ಆಗ ಪುಸ್ತಕದ ಸ್ಥಿರ ಆವೃತ್ತಿಯಲ್ಲಿ ಇದ್ದದ್ದು ಹಳೆಯ 5.4.6. ಹೊಸದರ ಹಿಂದೆ ಓಡುವ ಉಮೇದು ನಮಗೆ ಆವಾಗಲೇ ಇಳಿಯಬೇಕಿತ್ತು.

ಇನ್ನು ಮೇಲೆ ಪ್ರತಿ ಆವೃತ್ತಿಯನ್ನೂ ಖಾಲಿ ಡಿಸ್ಕಿನಿಂದ ಮೂರು ಸಲ ಪೂರ್ತಿ ಕಟ್ಟಿ, ಜಿಸಿಸಿಯ ಪರೀಕ್ಷೆಗಳನ್ನೂ ಓಡಿಸಿಯೇ ಕೊಡುತ್ತೇವೆ. ಆ ಪರೀಕ್ಷೆ ಎಷ್ಟು ಹೊತ್ತು ತಿನ್ನುತ್ತದೆ ಅಂತ ಓಡಿಸಿದವರಿಗೆ ಗೊತ್ತು. ಅಷ್ಟೂ ಹೊತ್ತು ಎಲ್ಲ ಕೋರ್‌ಗಳೂ ಉರಿಯುತ್ತವೆ, ಕರೆಂಟ್ ಬಿಲ್ ನಮ್ಮದು. ಯುಪಿಎಸ್ ಬ್ಯಾಟರಿಗಳನ್ನೂ ಈ ವರ್ಷ ಬದಲಿಸಿದೆವು. ಆ 404 ಕಾಟ ತಪ್ಪಲು ಟಾರ್‌ಬಾಲ್‌ಗಳೆಲ್ಲ ಚೆಕ್‌ಸಮ್ (ಫೈಲ್ ಕೆಟ್ಟಿಲ್ಲ ಅಂತ ತಾಳೆ ನೋಡುವ ಅಂಕಿ) ಸಮೇತ ನಮ್ಮದೇ ಸರ್ವರಿನಲ್ಲಿ ಇರುತ್ತವೆ, ಅದಕ್ಕೂ ತಿಂಗಳ ಬಾಡಿಗೆ ಇದೆ. ಹೆಚ್ಚಿಸಿದ 1,500ರಲ್ಲಿ ನಮ್ಮ ಸಂಬಳಕ್ಕೆ ಒಂದು ರೂಪಾಯಿಯೂ ಹೋಗುವುದಿಲ್ಲ.

ಈಗಾಗಲೇ ಹಣ ಕಟ್ಟಿದವರಿಗೆ ಅವಧಿ ಮುಗಿಯುವವರೆಗೆ ಹಳೆಯ ದರವೇ. ಲ್ಯಾಬಿಗಾಗಿ ಹಳೆಯ ಆವೃತ್ತಿಯಲ್ಲೇ ನಿಂತಿರುವವರೂ ಗಾಬರಿಯಾಗಬೇಡಿ, ನಿಮ್ಮ ಟಾರ್‌ಬಾಲ್‌ಗಳನ್ನು ಅಳಿಸುವುದಿಲ್ಲ. ಫೋನ್ ಎತ್ತುವವರು ನಾವೇ ಮೂವರು, ನಂಬರೂ ಅದೇ. ಬಿಲ್ಡ್ ನಿಂತರೆ ಲಾಗಿನ ಕೊನೆಯ 50 ಸಾಲು ಕಳಿಸಿ. ಸ್ಕ್ರೀನಿನ ಫೋಟೊ ಮಾತ್ರ ಬೇಡ, ದಯವಿಟ್ಟು.

ಇಂತಿ,
ನಿಮ್ಮ ಸ್ಕ್ರಿಪ್ಟ್ ನೋಡಿಕೊಳ್ಳುವ ಮೂವರು