ಬಡ್ಡಿಗೆ ಮಿತಿಯಿಲ್ಲವೆ?

ಚಿ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಬರೆದ ಉಳಿದ ಸಂಗತಿಗಳು ಮನೆಯಲ್ಲಿ ಎಲ್ಲರಿಗೂ ಗೊತ್ತಿರುವುವೇ. ಆದರೆ ನೀನು ಸಾಲ ಪಡೆದ ಆ್ಯಪ್‌ನ ವಸೂಲಿಯವನು ‘ನಮ್ಮ ಬಡ್ಡಿಗೆ ಯಾವ ಕಾನೂನಿನ ಮಿತಿಯೂ ಇಲ್ಲ’ ಎಂದನಂತಲ್ಲ, ಆ ಮಾತು ನನ್ನ ನಿದ್ದೆ ಕೆಡಿಸಿದೆ. ಕೈಗೆ ಬಂದದ್ದು 7,000 ರೂಪಾಯಿ, ಏಳನೆಯ ದಿನ ಕಟ್ಟಬೇಕಾದದ್ದು 10,000. ವರ್ಷದ ಲೆಕ್ಕಕ್ಕೆ ತಂದರೆ ಬಡ್ಡಿ ಶೇ 2,200 ದಾಟುತ್ತದೆ.

ಮಿತಿ ಇದೆ. 1961ರ ಕರ್ನಾಟಕ ಲೇವಾದೇವಿ ಕಾಯ್ದೆಯಡಿ ಸರ್ಕಾರ ಗೊತ್ತುಮಾಡಿದ ದರ ಅಡಮಾನವಿದ್ದರೆ ವರ್ಷಕ್ಕೆ ಶೇ 14, ಇಲ್ಲದಿದ್ದರೆ ಶೇ 16. ಆ ಲೆಕ್ಕದಲ್ಲಿ ನಿನ್ನ ವಾರದ ಬಡ್ಡಿ 22 ರೂಪಾಯಿಯನ್ನೂ ಮುಟ್ಟದು. ಆದರೂ ಅವನ ಮಾತು ಪೂರ್ತಿ ಸುಳ್ಳೆನ್ನಲಾರೆ, ನನ್ನನ್ನು ಕಾಡುತ್ತಿರುವುದೂ ಅದೇ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಹಣಕಾಸು ಕಂಪನಿಗಳಿಗೆ ರಾಜ್ಯದ ಲೇವಾದೇವಿ ಕಾಯ್ದೆ ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಕೇರಳ ಮತ್ತು ಗುಜರಾತಿನ ಪ್ರಕರಣಗಳಲ್ಲಿ ತೀರ್ಪಿತ್ತಿದೆ. ಅಂಥ ಕಂಪನಿ ವರ್ಷದ ಒಟ್ಟು ದರವನ್ನು ಮೊದಲೇ ಬರೆದು ತಿಳಿಸಬೇಕು, ಹಣ ಅದರ ಖಾತೆಯಿಂದಲೇ ನೇರವಾಗಿ ಬರಬೇಕು ಎಂಬ ನಿಯಮವೇನೋ ಇದೆ. ಹಾಗಾಗಿ ಮಿತಿಯ ಪ್ರಶ್ನೆಯೆಲ್ಲ ಸಾಲ ಕೊಟ್ಟವರು ಯಾರೆಂಬುದರ ಮೇಲೆ ನಿಂತಿದೆ.

ಎಪ್ಪತ್ತರ ದಶಕದಲ್ಲಿ ನಿನ್ನ ಅಜ್ಜ ಪಂಪ್‌ಸೆಟ್ಟಿಗೆಂದು ಸಾಲ ತಂದು, ನೂರಕ್ಕೆ ತಿಂಗಳಿಗೆ ಐದು ರೂಪಾಯಿಯಂತೆ ಬಡ್ಡಿ ಕಟ್ಟುತ್ತಿದ್ದರು. ತನ್ನ ಬಡ್ಡಿ ಕೇಳುವವರಿಲ್ಲವೆಂದು ಆ ಸಾಹುಕಾರನೂ ಹೇಳುತ್ತಿದ್ದ. ಕಾಯ್ದೆ ಆಗಲೇ ಇತ್ತು, ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಕೊನೆಗೆ ಕೆರೆಯ ಕೆಳಗಿನ ಗದ್ದೆ ಮಾರಿ ತೀರಿಸಿದರು. ಗದ್ದೆ ಹೋದದ್ದಕ್ಕಿಂತ, ಆ ಲೆಕ್ಕವನ್ನು ಒಬ್ಬರೂ ಪ್ರಶ್ನಿಸಲಿಲ್ಲವಲ್ಲ ಎಂಬುದು ನನಗೆ ಇಂದಿಗೂ ನೋವು. ಈಗ ನೀನೂ ಹಾಗೆಯೇ ನಂಬಿಬಿಡುವೆಯೇನೋ ಎಂದು ಹೆದರುತ್ತೇನೆ.

ಈ ಆ್ಯಪ್‌ಗಳ ವ್ಯವಹಾರ ನನಗಿಂತ ನಿನಗೇ ಚೆನ್ನಾಗಿ ಗೊತ್ತು, ಬುದ್ಧಿ ಹೇಳುತ್ತಿದ್ದೇನೆಂದು ಬೇಸರಿಸಬೇಡ. ಹಣ ಯಾರ ಖಾತೆಯಿಂದ ಬಂತೆಂದು ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ನೋಡಿ, ಆ ಹೆಸರು ರಿಸರ್ವ್ ಬ್ಯಾಂಕಿನ ಪಟ್ಟಿಯಲ್ಲಿದೆಯೇ ಹುಡುಕು. ಇಲ್ಲವಾದರೆ 2004ರ ಮಿತಿಮೀರಿದ ಬಡ್ಡಿ ನಿಷೇಧ ಕಾಯ್ದೆಯ ಹೆಸರು ಹೇಳಿ ಪೊಲೀಸರಿಗೆ ದೂರು ಕೊಡಬಹುದು. ಇದ್ದರೆ ಮೊದಲು ಕಂಪನಿಗೇ ಬರೆ; 30 ದಿನಗಳಲ್ಲಿ ಉತ್ತರ ಬಾರದಿದ್ದರೆ ದೂರು ವಿಚಾರಿಸಲು ರಿಸರ್ವ್ ಬ್ಯಾಂಕಿನ ಅಧಿಕಾರಿ, ಓಂಬುಡ್ಸ್‌ಮನ್, ಇದ್ದಾರೆ. ಇದನ್ನು ತೀರಿಸಲು ಇನ್ನೊಂದು ಆ್ಯಪ್‌ಗೆ ಮಾತ್ರ ಕೈಚಾಚಬೇಡ, ಹಣ ಬೇಕಾದರೆ ನನ್ನನ್ನು ಕೇಳು. ಮಿತಿಯಿಲ್ಲವೆಂದು ಅವನು ಮತ್ತೆ ಹೇಳಿದರೆ ಕಂಪನಿಯ ಪೂರ್ತಿ ಹೆಸರು ಕೇಳಿ ಬರೆದುಕೊಂಡು, ಮರುಟಪಾಲಿನಲ್ಲಿ ನನಗೆ ತಿಳಿಸು.

ಇಂತಿ,
ನಿನ್ನ ದೊಡ್ಡಪ್ಪ